ಒಣಗದ ನೆಲಕ್ಕೆ ಹಸಿರು ಬಣ್ಣ

ಮಿಲಿಟರಿ ವರ್ಕ್‌ಶಾಪಿನಲ್ಲಿ ನಾನು ಮೊದಲು ಕಲಿತದ್ದು ಎಂಜಿನ್ ಬಿಚ್ಚುವುದನ್ನಲ್ಲ, ನೆಲ ತೊಳೆಯುವುದನ್ನು. ಕೈಜಾರಿದ ನಟ್ಟು ನೆಲದ ಮೇಲೆ ಎದ್ದು ಕಾಣಬೇಕು; ಕಾಣದಿದ್ದರೆ ತಪ್ಪು ನೆಲದ್ದು, ಅಂದರೆ ನಿನ್ನದು. ಹೀಗೆ ಪಳಗಿ ಊರಿಗೆ ಮರಳಿದ ಮೇಲೆ, ಹೊಸನಗರದಿಂದ ಸಾಗರಕ್ಕೆ ಹೋಗುವ ಹಳೆಯ ರಸ್ತೆಯ ಬದಿಯ ಒಂದು ಬಸ್ ಶೆಡ್ಡಿನಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿತು. ಬಸ್ಸು ತೀರ್ಥಹಳ್ಳಿಯ ಸಾಹುಕಾರರೊಬ್ಬರದು. ಸಂಜೆ ಬಂದು ಶೆಡ್ಡಿನಲ್ಲಿ ನಿಲ್ಲುತ್ತಿತ್ತು, ಬೆಳಿಗ್ಗೆ ಹೊರಡುತ್ತಿತ್ತು. ತಗಡಿನ ಮಾಡು, ಕಾಂಕ್ರೀಟು ನೆಲ, ಹಿಂದೊಂದು ಕೋಣೆ. ಆ ಕೋಣೆಯೇ ನನಗೂ ನನ್ನ ಹೆಂಡತಿಗೂ ಮನೆ. ಶೆಡ್ಡು ಹೋದರೆ ಕೆಲಸವೂ ಹೋಗುತ್ತದೆ, ಮನೆಯೂ ಹೋಗುತ್ತದೆ. ಇದು ನಮಗಿಬ್ಬರಿಗೂ ಗೊತ್ತಿತ್ತು, ಆದ್ದರಿಂದ ಅದರ ಮಾತೆತ್ತುತ್ತಿರಲಿಲ್ಲ.

ಅರವತ್ತರ ದಶಕದ ನಡುಭಾಗ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ್ದರು. ಎಲ್ಲಿಯವರೆಗೆ ಮುಳುಗುತ್ತದೆಂದು ಗುರುತಿಗೆ ಸರ್ವೆಯವರು ನೆಟ್ಟ ಬಿಳಿ ಕಲ್ಲು ನಮ್ಮ ಶೆಡ್ಡಿಗಿಂತ ಸಾಕಷ್ಟು ಕೆಳಗಿತ್ತು. ಹಾಗಾಗಿ ಶೆಡ್ಡಿಗೆ ಭಯವಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಶೆಡ್ಡಿನಿಂದ ಮುಂದೆ ಹಳ್ಳದ ಹತ್ತಿರ ರಸ್ತೆ ತಗ್ಗಿಗಿಳಿಯುತ್ತಿತ್ತು; ನೀರು ಬರುವ ಮೊದಲು ಅದನ್ನು ಏರಿಸಿ ಕೊಡುತ್ತಾರೆ ಎಂದೂ ಹೇಳುತ್ತಿದ್ದರು. ಯಾರು ಏರಿಸುತ್ತಾರೆ, ಯಾವಾಗ ಎಂದು ಮಾತ್ರ ಯಾರೂ ಹೇಳಲಿಲ್ಲ.

ಮಳೆ ಕಡಿಮೆಯಾಗುವ ಹೊತ್ತಿಗೆ ಸಾಹುಕಾರರು ಬಂದರು. ಬಸ್ಸಿನಿಂದ ಎರಡು ಡಬ್ಬ ಪೇಂಟು, ಒಂದು ಜಾಡಿ ಆಸಿಡ್ ಇಳಿಸಿದರು.

"ಡ್ಯಾಮ್ ಪ್ರಾಜೆಕ್ಟಿನವರ ಗರಾಜು ನೋಡ್ಕೊಂಡು ಬಂದೆ ಮಾರಾಯ. ನೆಲಕ್ಕೆ ಹಸಿರು ಪೇಂಟು. ಅಲ್ಲಿ ಬಾಳೆಲೆ ಹಾಕಿ ಊಟ ಮಾಡ್ಬಹುದು. ನಿಂದೂ ಹಂಗೆ ಮಾಡು. ಆಯುಧಪೂಜೆಗೆ ಬರ್ತೀನಿ. ನೆಲ ನೋಡಿ ಹೇಳ್ತೀನಿ, ಶೆಡ್ಡು ಇಲ್ಲಿರ್ಬೇಕೋ, ಬಸ್ಸು ಹೊಸನಗರದಲ್ಲೇ ನಿಲ್ಬೇಕೋ ಅಂತ."

"ಮುಂದೆ ರಸ್ತೆ ಕಥೆ ಎಂತ ಸಾವ್ಕಾರ್ರೆ?"

"ರಸ್ತೆ ಸರ್ಕಾರದ್ದು. ನೆಲ ನಿಂದು. ನಿಂದು ನೀನು ನೋಡ್ಕೋ."

ಡ್ರೈವರ್ ನನಗಿಂತ ಹಿರಿಯ, ನಗೆಗಾರ. ನನ್ನನ್ನು ಕರೆಯುತ್ತಿದ್ದುದೇ ಮಿಲಿಟ್ರಿ ಎಂದು. "ಇನ್ಮೇಲೆ ಬಸ್ಸಿಗೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಾ ಅಂತೀಯಾ ಮಿಲಿಟ್ರಿ?" ಎಂದ.

ಮರುದಿನದಿಂದ ಬಸ್ಸು ಹೊರಗೆ ನಿಂತಿತು. ನಾನು ಕೆಲಸ ಹಿಡಿದೆ. ಕ್ರಮ ತಪ್ಪಿದರೆ ಬಣ್ಣ ನಿಲ್ಲುವುದಿಲ್ಲ. ಮೊದಲು ಗಟ್ಟಿ ಜಿಡ್ಡನ್ನು ಉಳಿಯಿಂದ ಕೆರೆಯಬೇಕು. ಅದರ ಮೇಲೆ ಒಲೆಯ ಬೂದಿ ಹರಡಿ, ಎಣ್ಣೆ ಕುಡಿಯಲು ಬಿಡಬೇಕು. ಬೂದಿ ಗುಡಿಸಿ ಸೀಮೆಎಣ್ಣೆಯಿಂದ ತಿಕ್ಕಬೇಕು, ಆಮೇಲೆ ಅಂಟುವಾಳದ ನೊರೆಯಿಂದ. ಬಿರುಕುಗಳಿಗೆ ಸಿಮೆಂಟು ತುಂಬಬೇಕು. ಕೊನೆಗೆ ನೀರು ಬೆರೆಸಿದ ಆಸಿಡ್. ಅದು ಬಿದ್ದಲ್ಲಿ ನೆಲ ಬುರುಬುರು ನೊರೆ ಕಕ್ಕಿ ಒರಟಾಗುತ್ತದೆ. ಒರಟು ನೆಲವೇ ಬಣ್ಣವನ್ನು ಹಿಡಿಯುವುದು. ಒಂದು ಮೂಲೆಯನ್ನೂ ಬಿಡದೆ ಮಾಡಿದೆ. ವರ್ಷಗಟ್ಟಲೆ ಕಪ್ಪಾಗಿದ್ದ ನೆಲ ತೊಳೆದ ಪಾತ್ರೆಯ ತಳದ ಹಾಗೆ ಬೆಳ್ಳಗಾಯಿತು. ಬಾಗಿಲಲ್ಲಿ ನಿಂತು ನೋಡಿದೆ. ನಟ್ಟು ಬಿದ್ದರೆ ಕಾಣುತ್ತಿತ್ತು.

ನವರಾತ್ರಿಗೆಂದು ನನ್ನ ಅತ್ತೆ ಬಂದಿದ್ದರು. ಬೆಳಿಗ್ಗೆ ಎದ್ದು ನೋಡುತ್ತೇನೆ, ಇಡೀ ಶೆಡ್ಡಿಗೆ ಸಗಣಿ ಸಾರಿಸಿ, ಬಾಗಿಲಲ್ಲಿ ರಂಗೋಲಿ ಎಳೆದು, ಸೊಂಟ ಹಿಡಿದು ಕೂತಿದ್ದಾರೆ.

"ಎಂತ ಮಾಡಿದ್ರಿ ಅತ್ತೆ?"

"ಪೂಜೆ ಆಗೋ ಜಾಗ ಅಲ್ಲನಾ? ಆಸಿಡ್ ಹಾಕಿ ಸುಟ್ಟು ಬಿಟ್ಟಿದ್ರಿ. ಸುಟ್ಟ ನೆಲದ ಮೇಲೆ ಯಾರಾದ್ರೂ ದೀಪ ಹಚ್ತಾರಾ? ಕಣ ಸಾರ್ಸಿದಂಗೆ ಸಾರ್ಸಿದೀನಿ, ನೋಡಿ."

ಒಳ್ಳೆಯ ಕೆಲಸವೇ. ಒಂದು ಗೆರೆಯೂ ಎದ್ದಿರಲಿಲ್ಲ. ನಾನು ಬಕೆಟ್ಟು ತಂದೆ.

"ಅವ್ವ ಸಾರ್ಸೋದು, ಅಳಿಯ ತೊಳಿಯೋದು," ಎಂದಳು ಹೆಂಡತಿ. "ನಮ್ಮ ಕಡೆ ಗಂಡಸು ನೆಲ ತೊಳ್ದಿದ್ದು ಇದೇ ಮೊದ್ಲು. ಇದನ್ನೂ ಮಿಲಿಟ್ರೀಲಿ ಕಲಿಸಿದ್ರನಾ?"

"ಅದನ್ನೇ ಮೊದ್ಲು ಕಲಿಸಿದ್ದು," ಎಂದೆ. ಅತ್ತೆ ಎರಡು ದಿನ ಮಾತು ಬಿಟ್ಟರು.

ಮತ್ತೆ ತೊಳೆದಾದ ಮೇಲೆ ಒಣಗಲು ಬಿಟ್ಟೆ. ಬಿಸಿಲು ಚೆನ್ನಾಗಿತ್ತು. ಅಂಗಳದ ಕಲ್ಲು ಸುಡುತ್ತಿತ್ತು. ಶೆಡ್ಡಿನ ನೆಲ ಮಾತ್ರ ಹಳ್ಳದ ಕಡೆಯ ಅರ್ಧ ಕಪ್ಪಗೇ ಉಳಿಯಿತು. ಸಗಣಿ ನೀರು ಹೀರಿಕೊಂಡಿರಬೇಕು ಎಂದುಕೊಂಡು ಬಾಗಿಲು ತೆರೆದಿಟ್ಟೆ, ಇದ್ದಲ ಒಲೆ ಉರಿಸಿದೆ. ಕಪ್ಪು ಹೋಗಲಿಲ್ಲ.

ಇಂಥದ್ದಕ್ಕೆ ವರ್ಕ್‌ಶಾಪಿನಲ್ಲಿ ಒಂದು ಪರೀಕ್ಷೆ ಇತ್ತು: ತಗಡನ್ನು ನೆಲಕ್ಕೆ ಕವುಚಿ ಇಡುವುದು, ಮರುದಿನ ಎತ್ತಿ, ಕೆಳಗಿನಿಂದ ತೇವ ಏರುತ್ತಿದೆಯೇ ಎಂದು ನೋಡುವುದು. ಹೆಂಡತಿಯ ಹಿತ್ತಾಳೆ ಹರಿವಾಣ ಕೇಳಿ ಪಡೆದು ಕವುಚಿದೆ, ಅಂಚಿಗೆ ಜೇಡಿಮಣ್ಣು ಮೆತ್ತಿದೆ. ಬೆಳಿಗ್ಗೆ ಎತ್ತಿದರೆ ಒಳಗೆಲ್ಲ ನೀರಿನ ಹನಿ, ಅನ್ನದ ತಪ್ಪಲೆಯ ಮುಚ್ಚಳದಲ್ಲಿ ಇರುವ ಹಾಗೆ. ಒರೆಸಿ ಮತ್ತೆ ಇಟ್ಟೆ. ಮತ್ತೆ ಹನಿ.

ಹನಿ ಹಿಡಿದ ಹರಿವಾಣವನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಹೆಂಡತಿ ಹಿಂದಿನ ಬಾವಿಯಿಂದ ಕೊಡ ತಂದಳು. ಹಗ್ಗ ತೆಗೆದುಕೊಂಡು ಹೋಗಿರಲಿಲ್ಲ.

"ಈ ವರ್ಷ ನಮ್ಮ ಬಾವಿ ಪುಣ್ಯ ಮಾಡೈತೆ. ಮಳೆ ಹೋಗಿ ಇಷ್ಟು ದಿನ ಆದ್ರೂ ಬಗ್ಗಿ ಕೊಡ ಮುಳುಗಿಸ್ಬಹುದು. ಇಳೀಲೇ ಇಲ್ಲ," ಎಂದಳು. ಅವಳ ಮುಖದಲ್ಲಿ ಸಂತೋಷವಿತ್ತು.

ನಾನು ಹೋಗಿ ನೋಡಿದೆ. ಬೇರೆ ವರ್ಷ ಆ ಹೊತ್ತಿಗೆ ನೀರು ಇಳಿದು ಹಗ್ಗ ಬೇಕಾಗುತ್ತಿದ್ದ ಬಾವಿ. ಅಣೆಕಟ್ಟಿನ ನೀರು ಬಿಳಿ ಕಲ್ಲಿನ ಆಚೆಯೇ ನಿಂತಿತ್ತು, ಮಾತಿಗೆ ತಪ್ಪಿರಲಿಲ್ಲ. ನೆಲದ ಒಳಗೆ ಮಾತ್ರ ಅದನ್ನು ನಿಲ್ಲಿಸುವ ಯಾವ ಕಲ್ಲೂ ಇರಲಿಲ್ಲ. ಹೆಂಡತಿಗೆ ಹರಿವಾಣ ತೋರಿಸಿದೆ. ಅವಳು ಬಾವಿಯ ಕಡೆ ನೋಡಿದಳು, ಕೊಡ ಕೆಳಗಿಟ್ಟಳು. ಆಮೇಲೆ ಬಾವಿಯ ಪುಣ್ಯದ ಮಾತು ಬರಲಿಲ್ಲ.

ನೆಲ ಒಣಗುವುದಿಲ್ಲ, ಬಣ್ಣ ನಿಲ್ಲುವುದಿಲ್ಲ ಎಂದು ಡ್ರೈವರ್ ಕೈಯಲ್ಲಿ ಸಾಹುಕಾರರಿಗೆ ಹೇಳಿ ಕಳಿಸಿದೆ. ಸಂಜೆ ಬಸ್ಸಿನೊಂದಿಗೆ ಅವನೇ ಉತ್ತರ ತಂದ.

"ಬಳೀಲಿ ಅಂದ್ರು. ಮಲ್ನಾಡಲ್ಲಿ ಒಣಗಿದ ನೆಲ ಎಲ್ಲೈತೆ ತೋರ್ಸು ಅಂತ ನನ್ನನ್ನೇ ಕೇಳಿದ್ರು. ನಾನು ನಮ್ಮನೆ ಮಾಡು ಸೋರ್ತದೆ ಅಂದೆ. ಅದಕ್ಕೂ ಪೇಂಟ್ ಹೊಡಿ ಅಂದ್ರು."

ಬಳಿದೆ. ಸುಣ್ಣದ ದಾರದಿಂದ ಗೆರೆ ಹೊಡೆದು, ಹಿಂದಿನ ಗೋಡೆಯಿಂದ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತ, ಬ್ರಷ್ಷಿನ ಗುರುತು ಒಂದೇ ದಿಕ್ಕಿಗೆ ಬರುವಂತೆ. ಮೊದಲ ಕೋಟು ಆರಿದ ಮೇಲೆ ಎರಡನೆಯದು. ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಕಡಿಮೆ. ಮುಗಿದಾಗ ಇಡೀ ನೆಲ ನಾಟಿ ಗದ್ದೆಯ ಹಾಗೆ ಹೊಳೆಯಿತು. ಅತ್ತೆಯೂ ಬಾಗಿಲ ತನಕ ಬಂದು, "ಬೀಳೋ ಹಂಗೆ ಜಾರ್ತದೆ ಕಾಣ್ತದೆ," ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆಯೇ.

ಆಯುಧಪೂಜೆಯ ದಿನ ಬಸ್ಸನ್ನು ಮೆಲ್ಲಗೆ ಒಳಗೆ ತಂದು ನಿಲ್ಲಿಸಿದರು. ಹೂವು, ಬಾಳೆಕಂಬ, ಸ್ಪ್ಯಾನರುಗಳಿಗೆಲ್ಲ ಕುಂಕುಮ. ಮಂಗಳಾರತಿ ಆದ ಮೇಲೆ ಸಾಹುಕಾರರು ಅಂದದ್ದನ್ನೇ ಮಾಡಿದರು. ಹಸಿರು ನೆಲದ ಮೇಲೆ ಬಾಳೆಲೆ ಹಾಕಿಸಿ, ಬಸ್ಸಿನ ಪಕ್ಕದಲ್ಲಿ ಕೂತು ಊಟ ಮಾಡಿದರು. ಪಾಯಸ ಎರಡು ಸಲ ಹಾಕಿಸಿಕೊಂಡರು.

"ಆಯ್ತು ಮಾರಾಯ. ಶೆಡ್ಡು ಇಲ್ಲೇ ಇರ್ಲಿ," ಎಂದರು.

ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನಾನು ಅವಳ ಕಡೆ ನೋಡಲಿಲ್ಲ, ಚಕ್ರಗಳ ಕಡೆ ನೋಡುತ್ತಿದ್ದೆ.

ಊಟವಾದ ಮೇಲೆ ಚಕ್ರದಡಿ ನಿಂಬೆಹಣ್ಣು ಇಟ್ಟು ಡ್ರೈವರ್ ಬಸ್ಸು ಹೊರಡಿಸಿದ. ನಿಂಬೆಹಣ್ಣು ಒಡೆದವು. ಅದರೊಂದಿಗೆ ಹಸಿ ತೊಗಲು ಸುಲಿದಂಥ ಇನ್ನೊಂದು ಸದ್ದು. ಟೈರಿಗೆ ಅಂಟಿಕೊಂಡ ಬಣ್ಣ ಹಾಳೆಹಾಳೆಯಾಗಿ ಎದ್ದು, ಚಕ್ರದೊಂದಿಗೆ ಸುತ್ತುತ್ತ ಬಾಗಿಲ ತನಕ ಹೋಯಿತು. ಬಸ್ಸು ನಿಂತಿದ್ದಲ್ಲೆಲ್ಲ ಕಪ್ಪು ನೆಲ. ಅದರ ಮೇಲೆ ಬೆವರಿನ ಹಾಗೆ ನೀರು.

ಸಾಹುಕಾರರು ಬಗ್ಗಿ ಬೆರಳಿನಿಂದ ಮುಟ್ಟಿದರು. ಇನ್ನೂ ಅಂಟಿಕೊಂಡಿದ್ದ ಕಡೆ ಉಗುರು ಹಾಕಿ ಎಳೆದರು. ಬಾಳೆಸಿಪ್ಪೆ ಬಂದ ಹಾಗೆ ಬಂತು.

"ನೀನು ಹೇಳಿ ಕಳಿಸಿದ್ದೆ. ನಿನ್ನ ಕೆಲ್ಸದಲ್ಲಿ ಎಂತ ಕಮ್ಮಿ ಇಲ್ಲ," ಎಂದರು. ಪಂಚೆಯ ತುದಿಗೆ ಬೆರಳು ಒರೆಸಿಕೊಂಡು, ತೆರೆದ ಬಾಗಿಲಿನಿಂದ ಹಳ್ಳದ ಕಡೆ ಇಳಿಯುವ ರಸ್ತೆಯನ್ನು ಸ್ವಲ್ಪ ಹೊತ್ತು ನೋಡಿದರು. "ಇಷ್ಟು ಮೇಲಿರೋ ನೆಲಕ್ಕೇ ನೀರು ಹಿಂಗೆ ಬಂದ್ರೆ ತಗ್ಗಿನ ರಸ್ತೆ ಎಷ್ಟು ದಿನ? ಬಸ್ಸು ಹೊಸನಗರದಲ್ಲೇ ನಿಲ್ಲಲಿ. ಅಲ್ಲಿ ಮೆಕ್ಯಾನಿಕ್ ಇದಾನೆ. ನಿನಗೆ ತೀರ್ಥಹಳ್ಳಿ ಕಡೆ ಏನಾದ್ರೂ ಇದ್ರೆ ಹೇಳ್ತೀನಿ."

ಹೇಳಲಿಲ್ಲ. ಇರಲಿಲ್ಲವೇನೋ.

ಬೇರೆ ಮನೆ ಸಿಗುವ ತನಕ ಕೋಣೆಯಲ್ಲಿರಲು ಬಿಟ್ಟರು. ಬಸ್ಸಿಲ್ಲದ ಶೆಡ್ಡಿನಲ್ಲಿ ನಾನು ಎಂದಿನ ಹೊತ್ತಿಗೆ ಎದ್ದು ಗುಡಿಸುತ್ತಿದ್ದೆ. ದಿನವೂ ಹಸಿರು ಚಕ್ಕೆಗಳು ಮೊರದಲ್ಲಿ ಬರುತ್ತಿದ್ದವು. ಹೊರಡುವ ಮುಂಚೆ ಉಳಿದ ಬಣ್ಣವನ್ನೂ ಉಳಿಯಿಂದ ಕೆರೆದು, ನೆಲ ತೊಳೆದೆ. ಜಾಗ ಒಪ್ಪಿಸುವಾಗ ನೆಲ ಶುಚಿಯಾಗಿರಬೇಕು ಎಂಬುದು ಕಲಿತ ಪಾಠ.

"ಯಾರಿಗೆ ಒಪ್ಪಿಸೋಕೆ?" ಎಂದು ಹೆಂಡತಿ ಕೇಳಿದಳು. ಅವಳು ಹರಿವಾಣವನ್ನು ಬಟ್ಟೆಯ ಗಂಟಿನೊಳಗೆ ಇಡುತ್ತಿದ್ದಳು.

ಮುಂದಿನ ಮಳೆಗಾಲದಲ್ಲಿ ಹಳ್ಳದ ಹತ್ತಿರ ರಸ್ತೆ ನೀರಿನಡಿ ಹೋಯಿತು. ಏರಿಸಲು ಯಾರೂ ಬರಲಿಲ್ಲ. ಶೆಡ್ಡು ಮುಳುಗಲಿಲ್ಲ. ಬಿಳಿ ಕಲ್ಲು ಹೇಳಿದ್ದಷ್ಟೇ ನೀರು ಬಂತು. ಬೇಸಿಗೆಯಲ್ಲೊಮ್ಮೆ ಕೂಲಿ ಕೆಲಸಕ್ಕೆಂದು ಆ ಕಡೆ ಹೋದವನು ಒಳಗೆ ಇಣುಕಿ ನೋಡಿದೆ. ಮಾಡಿನ ತಗಡನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಬಿಸಿಲು ನೇರವಾಗಿ ನೆಲದ ಮೇಲೆಯೇ ಬೀಳುತ್ತಿತ್ತು. ನೆಲ ಆಗಲೂ ಒಣಗಿರಲಿಲ್ಲ.