ಷೇರುದಾರರ ಸಭೆಯಲ್ಲಿ ಹುಣಸೆ ಗುತ್ತಿಗೆಯವಳು

ಮರ ನೋಡುವ ಮೊದಲು ಮರದ ಯಜಮಾನನನ್ನು ನೋಡಬೇಕು. ಇಪ್ಪತ್ತು ವರ್ಷ ಹುಣಸೆ ಗುತ್ತಿಗೆ ಮಾಡಿ ನಾನು ಕಲಿತದ್ದು ಇಷ್ಟೇ. ಹೀಚು ಕಟ್ಟಿದಾಗಲೇ ಇಡೀ ಮರದ ಹಣ್ಣಿಗೆ ಬೆಲೆ ಮಾತಾಡಿ ಮುಂಗಡ ಕೊಟ್ಟುಬಿಡುತ್ತೇವೆ. ಕೊಯ್ಲಿಗೆ ಇನ್ನೂ ನಾಲ್ಕೈದು ತಿಂಗಳು. ಅಷ್ಟರಲ್ಲಿ ಯಜಮಾನ ಸಾರಿಗೆಂದು ಒಂದು ಬುಟ್ಟಿ, ನೆಂಟರಿಗೆಂದು ಒಂದು ಮೂಟೆ ಇಳಿಸಿಕೊಂಡರೆ ನನ್ನ ಕಥೆ ಮುಗಿಯಿತು. ಅಂಥವರನ್ನು ನಾನು ಮಾತಿನಲ್ಲೇ ಹಿಡಿಯುತ್ತೇನೆ. ಮರವನ್ನು ಅತಿಯಾಗಿ ಹೊಗಳುವವನ ಹೊಲದಲ್ಲಿ ನೀರು ಕೂಡ ಕುಡಿಯುವುದಿಲ್ಲ.

ಈ ವಿದ್ಯೆಯನ್ನು ಷೇರಿಗೂ ತಂದೆ. ಜೊತೆಗಾತಿ ಮಧುಗಿರಿಯಲ್ಲಿ ನನ್ನ ಪಕ್ಕದ ಮನೆಯ ಹೈಸ್ಕೂಲ್ ಟೀಚರ್, ಶಿರಾ ಕಡೆಯವಳು. ಅವಳ ತವರಿನ ಆರು ಹುಣಸೆ ಮರಗಳ ಗುತ್ತಿಗೆಯೂ ನನ್ನದೇ. ಅವಳು ಇಂಗ್ಲಿಷ್ ಓದಿ ಹೇಳುವಳು, ನಾನು ಮುಖ ಓದುವೆ. ಸಂಜೆ ಟೀ ಹಿಡಿದು ಫೋನಿನಲ್ಲಿ ಕಂಪನಿ ಯಜಮಾನರ ಸಂದರ್ಶನ ನೋಡಲು ಕೂತರೆ ನಮಗೆ ಸೀರಿಯಲ್ ಬೇಕಿರಲಿಲ್ಲ. ಲಾಭ ಬಂದಾಗ ‘ನಾನು’, ನಷ್ಟವಾದಾಗ ‘ಮಾರುಕಟ್ಟೆ’ ಎನ್ನುವವರನ್ನು ಅಲ್ಲೇ ಕೈಬಿಡುತ್ತಿದ್ದೆವು. ಕೊನೆಗೊಬ್ಬ ಸಿಕ್ಕಿದ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವನು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದ. ಆಸಾಮಿ ಒಳ್ಳೆಯವನು ಎಂದು ನಾನು ಠಸ್ಸೆ ಒತ್ತಿದೆ. ನನ್ನದು ಹತ್ತು ಷೇರು. ಅವಳು ಮಾತ್ರ ಮನೆಯ ಹೆಂಚು ತೆಗೆಸಿ ಮೋಲ್ಡ್ ಹಾಕಿಸಲು ಕೂಡಿಟ್ಟಿದ್ದನ್ನೆಲ್ಲ ಹಾಕಿದಳು.

ಬೇಸಿಗೆಯಲ್ಲಿ ಆ ಮಹಾನುಭಾವ ತನ್ನದೇ ಷೇರುಗಳಲ್ಲಿ ಒಂದು ಪಾಲು ಮಾರಿಬಿಟ್ಟ. ರೇಟು ಇಳಿಯಿತು. ಠಸ್ಸೆ ಒತ್ತಿದ್ದು ನಾನು. ಷೇರುದಾರರ ವಾರ್ಷಿಕ ಸಭೆ ಈಗ ಫೋನಿನಲ್ಲೇ ನಡೆಯುತ್ತದೆ, ಮೊದಲೇ ಹೆಸರು ಕೊಟ್ಟರೆ ನಮ್ಮಂಥವರೂ ಪ್ರಶ್ನೆ ಕೇಳಬಹುದು ಎಂದು ಟೀಚರೇ ಪತ್ತೆ ಹಚ್ಚಿದಳು. ಅವನ ಉತ್ತರ ಕೇಳಿ, ಮೋಲ್ಡಿನ ದುಡ್ಡು ಅಲ್ಲಿಯೇ ಇರಬೇಕೋ ಬೇಡವೋ ತೀರ್ಮಾನಿಸುವುದೆಂದು ಮಾತಾಯಿತು.

ಆ ದಿನ ರೇಷ್ಮೆ ಸೀರೆ ಉಟ್ಟು ನನ್ನ ಹುಣಸೆ ಗೋಡೌನಿನಲ್ಲಿ ಕೂತೆ. ಫೋನನ್ನು ತಕ್ಕಡಿಗೆ ಒರಗಿಸಿದ್ದೆವು. ನಮ್ಮಿಬ್ಬರಿಗೂ ಸುಮ್ಮಸುಮ್ಮನೆ ನಗು, ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಶುರು. ನನ್ನ ಹೆಸರು ಕೂಗಿದಾಗ ಅವಳು ತೊಡೆ ಚಿವುಟಿದಳು.

“ಸಾರ್, ನಾನು ಮಧುಗಿರಿ ಹುಣಸೆ ಗುತ್ತಿಗೆಯವಳು. ಫಸಲು ಚೆನ್ನಾಗೈತೆ ಅಂದ್ಬುಟ್ಟು ನಿಮ್ ಪಾಲು ಯಾಕ್ ಮಾರ್ಕಂಡ್ರಿ?”

ಸಭೆ ನಡೆಸುತ್ತಿದ್ದವರು ನನ್ನನ್ನು ಬಿಟ್ಟು ಮುಂದಿನವರನ್ನು ಕರೆಯಲು ನೋಡಿದರು. ಕಂಪನಿ ಯಜಮಾನನೇ ತಡೆದ. ಮನೆ ಕಟ್ಟಲು ಮಾರಿದೆ, ಕಾರಣವನ್ನು ಮೊದಲೇ ಹೇಳಬೇಕಿತ್ತು, ಹೇಳದ್ದು ನನ್ನ ತಪ್ಪು, ಬರುವ ಮೂರು ತಿಂಗಳೂ ಲಾಭ ಕಡಿಮೆಯೇ ಎಂದು ಕನ್ನಡದಲ್ಲೇ ಹೇಳಿದ. ನನಗೆ ಎದ್ದು ಕುಣಿಯಬೇಕೆನಿಸಿತು. ನನ್ನ ಕಣ್ಣು ಸುಳ್ಳಾಗಿರಲಿಲ್ಲ! ಅವನು ನಗುತ್ತಾ, ಗುತ್ತಿಗೆ ಮರದಲ್ಲಿ ಅಂದಾಜಿಗಿಂತ ಹೆಚ್ಚು ಹಣ್ಣು ಬಂದರೆ ನೀವು ಯಜಮಾನರಿಗೆ ಹೇಳುತ್ತೀರಾ ಎಂದು ಕೇಳಿದ.

ಖುಷಿಯಲ್ಲಿ ನಾಲಿಗೆಗೆ ಲಗಾಮೇ ಇರಲಿಲ್ಲ. “ಎಲ್ಲಾದ್ರೂ ಉಂಟಾ ಸಾರ್? ಬಾಯಿ ಬುಟ್ರೆ ಮುಂದಿನ ವರ್ಸ ರೇಟ್ ಏರುಸ್ತಾರೆ.”

ಫೋನಿನೊಳಗೆ ಎಲ್ಲರೂ ನಕ್ಕರು. ಮುಂದಿನವರ ಹೆಸರು ಕೂಗಿದರು. ನಾನು ಬೀಗುತ್ತಾ ಪಕ್ಕಕ್ಕೆ ತಿರುಗಿದೆ. ಟೀಚರ್ ನಗುತ್ತಿರಲಿಲ್ಲ.

ಹೋದ ವರ್ಷ ತವರಿನ ಮರಗಳಲ್ಲಿ ನಿಜವಾಗಿ ಎಷ್ಟು ಮೂಟೆಯಾಯಿತು ಎಂದು ಕೇಳಿದಳು. ನೆನಪಿಲ್ಲ ಎಂದೆ. ಮಂಗಗಳ ಕಾಟ ಎಂದೆ. ಗಾಳಿಯನ್ನೂ ಎಳೆದು ತಂದೆ. ಅವಳು ನನ್ನ ಮುಖ ನೋಡುತ್ತಲೇ ಇದ್ದಳು. ನಾಚಿಕೆಯಿಂದ ಕುಗ್ಗಿಹೋದೆ. ಇಪ್ಪತ್ತಾರು ಮೂಟೆ ಎಂದು ಬಾಯಿ ಬಿಟ್ಟೆ. ಅವಳ ಅಪ್ಪನಿಗೆ ನಾನು ಹೇಳಿದ್ದು ಹದಿನೇಳು.

ಅವಳು ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

“ಮೋಲ್ಡಿನ ದುಡ್ಡು ಅವ್ನತ್ರಾನೇ ಇರ್ಲಿ ಕಣಮ್ಮ. ಈ ಸಲ ನಮ್ ಮರ ಬಡಿವಾಗ ಮಾತ್ರ ನಾನೇ ಬಂದು ಕೂತ್ಕಂತೀನಿ” ಎಂದಳು.