ಸೊನ್ನೆಗೆ ಮರಳದ ತಕ್ಕಡಿಗಳು

ದೊಡ್ಡಕ್ಕ ತೀರಿಕೊಂಡ ಹದಿನೈದನೆಯ ದಿನ ಚಿಕ್ಕಕ್ಕ ಕೆಲಸಕ್ಕೆ ವಾಪಸ್ ಬಂದಾಗ ಕಾರ್ಖಾನೆಯ ಕಾಂಪೌಂಡು ಗೋಡೆಯನ್ನು ಪೂರ್ತಿ ಕೆಡವಿಯಾಗಿತ್ತು. ಗೇಟು ಮಾತ್ರ ನಿಂತಿತ್ತು. ಎಡಕ್ಕೂ ಬಲಕ್ಕೂ ಗೋಡೆಯಿಲ್ಲದ ಆ ಗೇಟಿನ ಹತ್ತಿರವೇ ಅವಳು ಹೋಗಿ, ಕಾವಲುಗಾರನಿಗೆ ಗುರುತಿನ ಚೀಟಿ ತೋರಿಸಿ, ಅವನು ಚಿಲಕ ತೆಗೆಯುವವರೆಗೂ ಕಾದು ಒಳಗೆ ಬಂದಳು. ಬೇರೆಯವರೆಲ್ಲ ಇಟ್ಟಿಗೆಯ ರಾಶಿ ದಾಟಿಕೊಂಡು ಎಲ್ಲಿ ಬೇಕೋ ಅಲ್ಲಿಂದ ನುಗ್ಗುತ್ತಿದ್ದರು. ಅವಳಿಗೆ ಅದು ಕಾಣಿಸಲಿಲ್ಲವೋ, ಕಂಡರೂ ಏನೂ ಅನ್ನಿಸಲಿಲ್ಲವೋ, ನನಗೆ ತಿಳಿಯಲಿಲ್ಲ. ನಾನು ಆಫೀಸಿನ ಕಿಟಕಿಯಿಂದ ನೋಡುತ್ತಿದ್ದೆ.

ನಾನು ಅಲ್ಲಿ ಟೈಪು ಮಾಡುತ್ತಿದ್ದವಳು. ನಮ್ಮದು ಸ್ಪ್ರಿಂಗ್ ತಕ್ಕಡಿಯ ಕಾರ್ಖಾನೆ. ತರಕಾರಿ ಅಂಗಡಿಗಳಲ್ಲಿ ಮೇಲಿನಿಂದ ತೂಗುಬಿಟ್ಟಿರುತ್ತಾರಲ್ಲ, ದುಂಡು ಬಿಳಿ ಮುಖ, ಕೆಂಪು ಮುಳ್ಳು, ಕೆಳಗೆ ಕೊಕ್ಕೆಗೊಂದು ತಟ್ಟೆ, ಅದು. ಈ ಅಕ್ಕ ತಂಗಿ ಅಲ್ಲಿ ತಕ್ಕಡಿಯ ಮುಳ್ಳು ಹೊಂದಿಸುವ ಕೋಣೆಯಲ್ಲಿ ಇಪ್ಪತ್ತಮೂರು ವರ್ಷ ಪಕ್ಕಪಕ್ಕದ ಸ್ಟೂಲಿನ ಮೇಲೆ ಕೂತವರು. ಇಬ್ಬರೂ ಮದುವೆಯಾಗಿರಲಿಲ್ಲ. ಒಂದೇ ಮನೆ, ಒಂದೇ ಬಸ್ಸು, ಮಳೆ ಬಂದರೆ ಒಂದೇ ಕೊಡೆ. ಅವರ ತಮ್ಮ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ಮನೆಯ ಬೀಗದ ಕೈ ಕೇಳಿಕೊಂಡು ಗೇಟಿಗೆ ಬಂದು “ದೊಡ್ಡಕ್ಕಾ, ಚಿಕ್ಕಕ್ಕಾ” ಎಂದು ಕೂಗಿದನಂತೆ. ಅಂದಿನಿಂದ ಇಡೀ ಕಾರ್ಖಾನೆಗೆ ಅವರು ಅದೇ ಆದರು. ಅವರಿಗಿಂತ ಹತ್ತು ವರ್ಷ ಹಿರಿಯನಾದ ಫೋರ್‌ಮನ್ ಕೂಡ ಹಾಗೆಯೇ ಕರೆಯುತ್ತಿದ್ದ.

ಹೊಂದಿಸುವ ಕೋಣೆಗೆ ಕಿಟಕಿ ಇರಲಿಲ್ಲ. ಗಾಳಿ ಬೀಸಿದರೆ ಮುಳ್ಳು ಅಲ್ಲಾಡುತ್ತದೆ ಎನ್ನುವುದು ಒಂದು ಕಾರಣ. ನಮ್ಮ ತಕ್ಕಡಿ ಅಷ್ಟು ನಿಖರವಾಗಿರುವುದು ಹೇಗೆ ಅನ್ನುವುದು ಹೊರಗಿನವರಿಗೆ ತಿಳಿಯಬಾರದು ಎನ್ನುವುದು ದೊಡ್ಡ ಕಾರಣ. ಒಳಗೆ ನಡೆಯುವುದನ್ನು ಹೊರಗೆ ಹೇಳುವುದಿಲ್ಲ ಎಂದು ಕೆಲಸಕ್ಕೆ ಸೇರುವಾಗಲೇ ರುಜು ಮಾಡಿಸಿಕೊಳ್ಳುತ್ತಿದ್ದರು. ತಕ್ಕಡಿಯ ಬೆನ್ನಿಗೆ ಸೀಸದ ಮುದ್ರೆ ಇರುತ್ತಿತ್ತು. ಪೇಟೆಯ ರಿಪೇರಿಯವರು ಯಾರಾದರೂ ಅದನ್ನು ಒಡೆದು ಬಿಚ್ಚಿದರೆ ವಕೀಲರ ನೋಟಿಸು ಹೋಗುತ್ತಿತ್ತು. ಅಂಥ ನೋಟಿಸುಗಳನ್ನು ನಾನೇ ಎಷ್ಟೋ ಟೈಪು ಮಾಡಿದ್ದೇನೆ.

ಹಳೆಯ ಯಜಮಾನರು ಹೋಗಿ ಅವರ ಮಗಳು ಆ ಕುರ್ಚಿಗೆ ಬಂದಾಗ ಬ್ಯಾಟರಿ ತಕ್ಕಡಿಗಳು ನಮ್ಮ ಗಿರಾಕಿಗಳಲ್ಲಿ ಅರ್ಧ ಜನರನ್ನು ಎಳೆದುಕೊಂಡಿದ್ದವು. ಆಕೆ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿ ನೇರವಾಗಿ ಹೇಳಿದರು: “ಮುಚ್ಚಿಟ್ಟು ಮುಚ್ಚಿಟ್ಟು ನಾವು ಒಬ್ಬರೇ ಉಳ್ಕೊಂಡ್ವಿ. ಇನ್ಮೇಲೆ ನಮ್ಮ ನಕ್ಷೆ, ನಮ್ಮ ವಿಧಾನ, ಎಲ್ಲಾನೂ ಬಿಚ್ಚಿ ಇಡ್ತೀನಿ. ಬೇಕಾದೋರು ಮಾಡ್ಕೊಳ್ಳಲಿ, ಸುಧಾರಿಸಲಿ, ನಮಗೂ ತಿಳಿಸಲಿ. ಈ ಗೋಡೆ ಬೇಡ. ಅಂಗಳ ಊರಿನ ಜನಕ್ಕೆ. ಹೊಂದಿಸೋ ಕೋಣೆಗೆ ಬೀದಿ ಕಡೆ ಗಾಜು ಹಾಕ್ಸೋಣ.” ಹಿಂದೆ ಕೂತಿದ್ದ ಫೋರ್‌ಮನ್, “ತಕ್ಕಡೀಲಿ ಕಪ್ಪೆ ತೂಗೋ ಕೆಲಸ ಇದು. ಒಂದನ್ನ ಹಿಡಿದು ಕೂರಿಸೋಷ್ಟರಲ್ಲಿ ಇನ್ನೊಂದು ಹಾರತ್ತೆ” ಎಂದ. ಅವನ ಪಕ್ಕದಲ್ಲಿ ಕೂತಿದ್ದ ದೊಡ್ಡಕ್ಕ ನಕ್ಕಿದ್ದಳು. ಆಗಲೇ ಅವಳಿಗೆ ಕೆಮ್ಮು ಇತ್ತು. ಅದಾಗಿ ಒಂದು ತಿಂಗಳಿಗೆ ಎದೆಯಲ್ಲಿ ನೀರು ತುಂಬಿ, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಹೊರಟುಹೋದಳು.

ಚಿಕ್ಕಕ್ಕ ವಾಪಸ್ ಬಂದ ದಿನ ಗಾಜು ಕೂರಿಸುವವರು ಕೋಣೆಯಲ್ಲಿದ್ದರು. ಅವಳು ತನ್ನ ಸ್ಟೂಲಿನ ಮೇಲಿನ ಧೂಳು ಒರೆಸಿ ಕೂತು ಮೊದಲ ತಕ್ಕಡಿಯನ್ನು ಕೊಕ್ಕೆಗೆ ಹಾಕಿದಳು. ಊಟದ ಹೊತ್ತಿಗೆ ನಾನು ಹೋಗಿ ಪಕ್ಕದಲ್ಲಿ ನಿಂತೆ.

“ಊಟ ಆಯ್ತಾ?” ಅಂದೆ.

“ಡಬ್ಬಿ ತಂದಿದೀನಿ,” ಅಂದಳು. ಡಬ್ಬಿ ತೆರೆಯಲಿಲ್ಲ. ನಾನು ಅರ್ಧ ಗಂಟೆ ನಿಂತು ಬಂದೆ.

ಮುಂದಿನ ವಾರ ಹೊಸ ಎಂಜಿನಿಯರು ಕೆಲಸದ ಹಾಳೆ ಬರೆಯಲು ಕೂತ. ಒಳ್ಳೆಯವನು, ಸ್ವಲ್ಪ ಅವಸರದವನು. ಯಾವ ಹಂತದಲ್ಲಿ ಏನು ಮಾಡುತ್ತಾರೆ ಎಂದು ಒಂದೊಂದೇ ಸಾಲು ಬರೆದು ಎಲ್ಲರಿಗೂ ಸಿಗುವಂತೆ ಇಂಟರ್‌ನೆಟ್ಟಿನಲ್ಲಿ ಹಾಕಬೇಕಿತ್ತು. ಅವನು ಕೇಳುತ್ತಾ ಹೋದ, ಅವಳು ಹೇಳುತ್ತಾ ಹೋದಳು, ನಾನು ಟೈಪು ಮಾಡುತ್ತಾ ಹೋದೆ. ಇಪ್ಪತ್ತಮೂರು ವರ್ಷ ಬಾಯಿಗೆ ಹಾಕಿಕೊಂಡಿದ್ದ ಬೀಗ ಅಷ್ಟು ಸಲೀಸಾಗಿ ಬಿಚ್ಚಿಕೊಂಡದ್ದು ನೋಡಿ ನನಗೇ ಒಂಥರಾ ಆಯಿತು. ಸ್ಪ್ರಿಂಗನ್ನು ಬರಿಗೈಯಲ್ಲಿ ಮುಟ್ಟಬಾರದು, ಕೈ ಬಿಸಿಗೆ ಮುಳ್ಳು ಸುಳ್ಳು ಹೇಳುತ್ತದೆ. ತೂಕದ ಬಟ್ಟು ಹಾಕಿದ ಮೇಲೆ ತಕ್ಕಡಿಯ ಡಬ್ಬಿಯನ್ನು ಬೆರಳಿನಿಂದ ಎರಡು ಸಲ ತಟ್ಟಿ ಆಮೇಲೆ ಓದಬೇಕು. ಹೆಚ್ಚು ತೋರಿಸಿದರೆ ಸ್ಪ್ರಿಂಗಿನ ತುದಿಯನ್ನು ಒಂದು ಕೂದಲಿನಷ್ಟು ಹೀಗೆ ತಿರುಗಿಸಬೇಕು, ಕಡಿಮೆಯಾದರೆ ಹಾಗೆ. ಆರು ಸಾಲು ಆಯಿತು.

“ಏಳನೇದು,” ಎಂದ ಎಂಜಿನಿಯರು. “ಭಾರ ತೆಗೆದ ಮೇಲೆ ಮುಳ್ಳು ಸೊನ್ನೆಗೆ ಬರ್ಬೇಕು. ಬರದಿದ್ರೆ?”

“ದೊಡ್ಡಕ್ಕಂಗೆ ಕೊಡ್ತೀನಿ,” ಅಂದಳು.

ಅವನು ನನ್ನ ಮುಖ ನೋಡಿದ. ನಾನು ಕೀಲಿಮಣೆ ನೋಡಿದೆ.

“ಅವರು ಏನ್ ಮಾಡ್ತಿದ್ರು?”

“ಗೊತ್ತಿಲ್ಲ. ನಾನು ಎಡಗಡೆ ಇಡ್ತಿದ್ದೆ. ಸ್ವಲ್ಪ ಹೊತ್ತಿಗೆ ಸರಿಯಾಗಿರ್ತಿತ್ತು.”

“ಪಕ್ಕದಲ್ಲೇ ಕೂತಿದ್ರಲ್ಲ ಚಿಕ್ಕಕ್ಕ, ಒಂದು ಸಲಾನೂ ನೋಡ್ಲಿಲ್ವಾ?”

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. “ನನ್ನ ಕಣ್ಣು ನನ್ನ ಮುಳ್ಳಿನ ಮೇಲಿರ್ತಿತ್ತು,” ಅಂದಳು. “ಕೇಳಿದ್ರೆ ಹೇಳ್ತಿದ್ದಳು. ಕೇಳೋ ಅಗತ್ಯ ಬರ್ಲಿಲ್ಲ.”

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ಹಿತ್ತಲಿನವರೆಗೂ ಹೋಗುವಂತಿರಲಿಲ್ಲ, ಗಿಡ ಇದ್ದದ್ದು ಮೊಳಕೈ ತಗಲುವಷ್ಟು ಹತ್ತಿರದಲ್ಲಿ. ಎಂಜಿನಿಯರು ಏಳನೆಯ ಸಾಲನ್ನು ಖಾಲಿ ಬಿಡಲು ಹೇಳಿದ. ಅದರ ಮುಂದೆ, ‘ಗೊತ್ತಿದ್ದವರು ತಿಳಿಸಿ’ ಎಂದು ಬರೆದೆವು. ಹಾಳೆ ಹಾಗೆಯೇ ಇಂಟರ್‌ನೆಟ್ಟಿಗೆ ಹೋಯಿತು. ಅಂಗಳದ ಫಲಕಕ್ಕೂ ಒಂದು ಪ್ರತಿ ಅಂಟಿಸಿದರು.

ಹತ್ತು ತಕ್ಕಡಿಗೆ ಒಂದರಂತೆ ಮುಳ್ಳು ಸೊನ್ನೆಗೆ ಬರದೆ ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತಿತ್ತು. ಚಿಕ್ಕಕ್ಕ ಅವನ್ನು ಅಭ್ಯಾಸದಂತೆ ಎಡಗಡೆ ಇಡುತ್ತಿದ್ದಳು. ಅಲ್ಲಿ ತೆಗೆದುಕೊಳ್ಳುವವರು ಇರಲಿಲ್ಲವಾದ್ದರಿಂದ ಅವು ಅಲ್ಲೇ ಪೇರಿಕೊಂಡವು. ಎಂಜಿನಿಯರು ಸ್ಪ್ರಿಂಗ್ ಬದಲಿಸಿ ನೋಡಿದ, ಹಲ್ಲುಚಕ್ರ ಉಜ್ಜಿ ನೋಡಿದ, ಎಣ್ಣೆ ಬಿಟ್ಟು ನೋಡಿದ. ಕೆಲವು ಸರಿಹೋದವು, ಮಾರನೆಯ ದಿನ ಮತ್ತೆ ಕೆಟ್ಟವು. ಶನಿವಾರ ರಾಶಿಯನ್ನು ಗುಜರಿಗೆ ಎತ್ತಿಕೊಂಡು ಹೋಗುತ್ತಿದ್ದರು. ಸೋಮವಾರ ಅವಳು ಮತ್ತೆ ಎಡಗಡೆ ಇಡಲು ಶುರು ಮಾಡುತ್ತಿದ್ದಳು.

ಅಷ್ಟರಲ್ಲಿ ಅಂಗಳ ಜನರದ್ದಾಗಿತ್ತು. ಕಲ್ಲು ಹಾಸಿ, ಆರು ಬೆಂಚು ಹಾಕಿ, ಒಂದು ನಲ್ಲಿ ಇಟ್ಟರು. ಮಧ್ಯಾಹ್ನ ಹತ್ತಿರದ ಆಫೀಸುಗಳವರು ಬುತ್ತಿ ತಂದು ಕೂರುತ್ತಿದ್ದರು. ಮಕ್ಕಳು ಗಾಜಿಗೆ ಮೂಗು ಒತ್ತಿ ಒಳಗೆ ನೋಡುತ್ತಿದ್ದವು. ಮೊದಮೊದಲು ಫೋರ್‌ಮನ್ ಆ ಕೋಣೆಗೆ ತಲೆ ಬಾಚಿಕೊಂಡೇ ಹೋಗುತ್ತಿದ್ದ. ಚಿಕ್ಕಕ್ಕನಿಗೆ ಗಾಜು ಬಂದರೂ ಒಂದೇ, ಬಾರದಿದ್ದರೂ ಒಂದೇ. ಒಮ್ಮೆ ಅವಳ ತಮ್ಮ ಬೆಂಚಿನ ಮೇಲೆ ಕೂತು ಒಂದು ಗಂಟೆ ಅವಳನ್ನೇ ನೋಡಿದ, ಅವಳು ತಲೆಯೆತ್ತಲಿಲ್ಲ. ಆಮೇಲೆ ಆಫೀಸಿಗೆ ಬಂದು ನನ್ನನ್ನು ಕೇಳಿದ: “ಇಲ್ಲೇನಾದ್ರೂ ಅಳ್ತಾಳಾ?”

“ಇಲ್ಲ.”

“ಮನೇಲೂ ಇಲ್ಲ. ನಮ್ಮನೇಗೆ ಬಾ ಅಂದ್ರೆ ಬರಲ್ಲ. ಅತ್ತುಬಿಡು ಚಿಕ್ಕಕ್ಕಾ ಅಂದೆ. ಬಂದ್ರೆ ಅಳ್ತೀನಿ ಕಣೋ ಅಂತಾಳೆ, ಬಸ್ ಬಂದ್ರೆ ಹತ್ತೀನಿ ಅನ್ನೋ ಹಾಗೆ.”

ನಾಲ್ಕು ತಿಂಗಳು ಹೀಗೆ ಕಳೆಯಿತು. ಖಾಲಿ ಸಾಲಿಗೆ ಹದಿನಾರು ಉತ್ತರ ಬಂದವು. ದೂರದೂರದ ವರ್ಕ್‌ಶಾಪಿನವರು ಬರೆದಿದ್ದರು. ಒಂದೂ ನಿಲ್ಲಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಅರವತ್ತು ದಾಟಿದ ಒಬ್ಬ ಮನುಷ್ಯ, ಅಂಗಿಯ ಜೇಬಿನಲ್ಲಿ ಎರಡು ಸ್ಕ್ರೂಡ್ರೈವರು ಸಿಕ್ಕಿಸಿಕೊಂಡವನು, ಫಲಕದ ಮುಂದೆ ನಿಂತು ಹಾಳೆಯನ್ನು ತುಟಿ ಅಲ್ಲಾಡಿಸುತ್ತಾ ಓದಿದ. ಬಂದು ಗಾಜಿನ ಮೇಲೆ ಬೆರಳಿನಿಂದ ತಟ್ಟಿದ. ಚಿಕ್ಕಕ್ಕ ನೋಡಲಿಲ್ಲ. ನಾನು ಹೋಗಿ ಏನು ಬೇಕೆಂದು ಕೇಳಿದೆ.

“ನಾನು ಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡೋನು,” ಎಂದ. “ನಿಮ್ಮ ಕಂಪನಿಯಿಂದ ನಂಗೆ ಮೂರು ನೋಟಿಸು ಬಂದಿದೆ.”

ಅವುಗಳನ್ನು ಟೈಪು ಮಾಡಿದವಳು ನಾನೇ ಎಂದು ಹೇಳಲಿಲ್ಲ. ಒಳಗೆ ಕರೆದುಕೊಂಡು ಹೋದೆ. ಈಗ ಯಾರು ಬೇಕಾದರೂ ಒಳಗೆ ಬರಬಹುದಿತ್ತಲ್ಲ.

ಅವನು ದೊಡ್ಡಕ್ಕನ ಸ್ಟೂಲನ್ನು ಎಳೆದುಕೊಂಡು ಕೂತ. ಚಿಕ್ಕಕ್ಕ ಸುಮ್ಮನೆ ಸ್ವಲ್ಪ ಜರುಗಿ ಜಾಗ ಕೊಟ್ಟಳು.

“ಇದು ಸ್ಪ್ರಿಂಗಿನ ತಪ್ಪಲ್ಲಮ್ಮಾ,” ಎಂದು ರಾಶಿಯಿಂದ ಒಂದನ್ನು ಎತ್ತಿಕೊಂಡ. “ಖಾಲಿ ಇರೋವಾಗ ಸ್ಕ್ರೂ ಬಿಗೀತೀರ. ಆಗ ಒಳಗಿನ ಚೌಕಟ್ಟು ನೆಟ್ಟಗಿರತ್ತೆ. ಭಾರ ಬಿದ್ದ ಮೇಲೆ ಅದು ಎಲ್ಲಿಗೆ ವಾಲತ್ತೆ ಅಂತ ಅದಕ್ಕೆ ಮಾತ್ರ ಗೊತ್ತು. ಅದನ್ನೇ ಕೇಳ್ಬೇಕು.” ತಕ್ಕಡಿಯನ್ನು ಕೊಕ್ಕೆಗೆ ಹಾಕಿ, ಹತ್ತು ಕಿಲೋ ಬಟ್ಟು ತೂಗುಬಿಟ್ಟ. ಭಾರ ನೇತಾಡುತ್ತಿರುವಾಗಲೇ ಮುಖದ ಎರಡೂ ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಸಡಿಲಿಸಿದ. ಒಳಗೆ ಏನೋ ಸಣ್ಣಗೆ ಕಟ್ ಎಂದಿತು. ಆಮೇಲೆ ಎಡದ್ದು ಸ್ವಲ್ಪ, ಬಲದ್ದು ಸ್ವಲ್ಪ, ಮತ್ತೆ ಎಡದ್ದು, ಹೀಗೆ ಬಿಗಿದು ಬಟ್ಟು ತೆಗೆದ. ಮುಳ್ಳು ಸೊನ್ನೆಗೆ ಹೋಗಿ ನಿಂತಿತು.

“ನಂಗೆ ಇದನ್ನ ಕಲಿಸಿದ್ದು ನಿಮ್ಮೋರೇ,” ಎಂದ. “ಮುದ್ರೆ ಒಡೆದು ಬಿಚ್ತಿದ್ನಲ್ಲ, ಕೆಲವು ತಕ್ಕಡಿಗಳಲ್ಲಿ ಸ್ಕ್ರೂ ತಲೆ ಮೇಲೆ ಎರಡೆರಡು ಗೀರು ಇರ್ತಿತ್ತು. ಒಂದ್ಸಲ ಬಿಗಿದು, ಸಡಿಲಿಸಿ, ಮತ್ತೆ ಬಿಗಿದ ಗೀರು. ಅಂಥವು ಒಂದೂ ಮುಳ್ಳು ಕೆಟ್ಟು ಬಂದಿರ್ತಿರ್ಲಿಲ್ಲ. ತಟ್ಟೆಯ ಸರಪಳಿ ಕಿತ್ತೋಗಿದೆ ಅಂತ ಬಂದಿರ್ತಿದ್ವು, ಅಷ್ಟೆ. ಯಾಕೆ ಹೀಗೆ ಅಂತ ಯೋಚಿಸ್ತಾ ಯೋಚಿಸ್ತಾ ಗೊತ್ತಾಯ್ತು. ತುಂಬ ಹಗುರ ಕೈ. ಬಲಗೈಯೋರಲ್ಲ, ಗೀರು ಎಡಕ್ಕೆ ವಾಲಿರ್ತಿತ್ತು. ಯಾರಮ್ಮಾ ಅದು?”

“ನಮ್ಮಕ್ಕ,” ಅಂದಳು ಚಿಕ್ಕಕ್ಕ. “ಎಡಚಿ.”

“ಎಲ್ಲಿದಾರೆ?”

“ಹೋದಳು. ನಾಲ್ಕೂವರೆ ತಿಂಗಳಾಯ್ತು.”

ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ. “ಮುಖ ನೋಡಿಲ್ಲ ನಾನು,” ಎಂದ. “ಇಪ್ಪತ್ತು ವರ್ಷದಿಂದ ಗೊತ್ತು ಮಾತ್ರ.”

ಚಿಕ್ಕಕ್ಕ ರಾಶಿಯಿಂದ ಇನ್ನೊಂದನ್ನು ಎತ್ತಿ ಅವನ ಮುಂದಿಟ್ಟು, “ಇನ್ನೊಂದ್ಸಲ ಮಾಡಿ, ನೋಡ್ತೀನಿ,” ಅಂದಳು. ಸ್ಟೂಲನ್ನು ಪೂರ್ತಿ ಎಡಕ್ಕೆ ತಿರುಗಿಸಿಕೊಂಡಳು. ಸಂಜೆಯವರೆಗೆ ಅವರಿಬ್ಬರೂ ರಾಶಿಯಲ್ಲಿದ್ದ ಮೂವತ್ತೊಂದು ತಕ್ಕಡಿಗಳನ್ನು ಮುಗಿಸಿದರು. ಗಾಜಿನ ಆಚೆ ಜನ ಬಂದರು, ನಿಂತರು, ಹೋದರು.

ಏಳನೆಯ ಸಾಲನ್ನು ಮರುದಿನ ನಾನು ತುಂಬಿಸಿದೆ. ಎರಡು ತಿಂಗಳ ಮೇಲೆ ಬೇರೊಂದು ಊರಿನ ವರ್ಕ್‌ಶಾಪಿನವರು ಅದನ್ನು ಓದಿ, ಭಾರ ಅಲ್ಲಾಡದಂತೆ ಹಿಡಿಯುವ ಒಂದು ಕವೆಕಡ್ಡಿಯ ನಕ್ಷೆ ಕಳಿಸಿದರು. ಅದು ಬಂದ ಮೇಲೆ ಆ ಕೆಲಸಕ್ಕೆ ಹಗುರ ಕೈಯೇ ಬೇಕೆಂದೇನೂ ಉಳಿಯಲಿಲ್ಲ. ಯಜಮಾನಿಯವರು ಇದನ್ನು ಒಂದು ಸಭೆಯಲ್ಲಿ ವಿವರಿಸುತ್ತಾ, ಬಾಗಿಲು ತೆರೆದ ಆರೇ ತಿಂಗಳಲ್ಲಿ ಸಿಕ್ಕ ಹೊಸ ವಿಧಾನ ಎಂದರು. ಚಿಕ್ಕಕ್ಕ ಎದ್ದು ನಿಂತಳು. “ಹೊಸದಲ್ಲ ಮೇಡಮ್,” ಅಂದಳು, ಸಣ್ಣ ದನಿಯಲ್ಲಿ. “ನೀವು ಗೋಡೆ ಕೆಡವೋಕೆ ಮುಂಚೆ ಇಪ್ಪತ್ತಮೂರು ವರ್ಷ ಅದು ಈ ಕೋಣೇಲೇ ಇತ್ತು. ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ.” ಮೇಡಮ್ ತಪ್ಪಾಯ್ತು ಎಂದರು. ನಿಜವಾಗಿಯೂ ಬೇಜಾರಾಗಿತ್ತು ಅವರಿಗೆ. ಚಿಕ್ಕಕ್ಕ ಕೂತಳು. ಸಿಟ್ಟು ಬಂದಿತ್ತೇ ಎಂದು ಆಮೇಲೆ ಕೇಳಿದೆ. “ಬರೋ ಹಾಗಾಯ್ತು,” ಅಂದಳು. “ಆಮೇಲೆ ಹೋಯ್ತು.”

ಕಾರ್ಖಾನೆ ಮುಳುಗಲಿಲ್ಲ, ಮೊದಲಿನಂತೆ ಆಗಲೂ ಇಲ್ಲ. ತಕ್ಕಡಿ ಕಡಿಮೆಯಾಯಿತು, ಕಲಿಯಲು ಬರುವವರು ಹೆಚ್ಚಾದರು. ಅವರಿಗೆ ಹೇಳಿಕೊಡುವ ಕೆಲಸವನ್ನು ಚಿಕ್ಕಕ್ಕನಿಗೇ ಕೊಟ್ಟರು. ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದಳು. ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಹತ್ತು ಸಲ ಅದೇ ದನಿಯಲ್ಲಿ ಹೇಳುತ್ತಿದ್ದಳು. ರಿಪೇರಿಯವನು ವಾರಕ್ಕೊಮ್ಮೆ ಬಂದು ಕೂತು ಹೋಗುತ್ತಿದ್ದ.

ಹೆಚ್ಚುಕಡಿಮೆ ವರ್ಷ ತುಂಬುತ್ತಾ ಬಂದಾಗ ಒಂದು ಮಧ್ಯಾಹ್ನ ನಾವು ಅಂಗಳದ ಬೆಂಚಿನಲ್ಲಿ ಊಟ ಮಾಡುತ್ತಿದ್ದೆವು. ಕಲಿಯಲು ಬಂದಿದ್ದ ಒಬ್ಬ ಗೃಹಿಣಿ, ಗಂಡನ ಅಂಗಡಿಗಾಗಿ ಕೆಲಸ ಕಲಿಯುತ್ತಿದ್ದವಳು, ಮಾತಿಗೆ ಮಾತು ಬಂದು ಕೇಳಿದಳು: “ನಿಮ್ಮನೇಲಿ ಯಾರ್ಯಾರಿದೀರಿ?”

ನಾನು ತುತ್ತನ್ನು ಕೈಯಲ್ಲೇ ಹಿಡಿದೆ. ಚಿಕ್ಕಕ್ಕ ಬಾಯಲ್ಲಿದ್ದದ್ದನ್ನು ಅಗಿದು ನುಂಗಿದಳು.

“ನಾನೊಬ್ಬಳೇ,” ಅಂದಳು. ಆ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಸಂಜೆ ನಾನು ಅವಳ ಜೊತೆ ಅವಳ ಬಸ್ಸನ್ನೇ ಹತ್ತಿದೆ. ತರಕಾರಿ ಅಂಗಡಿಗೆಂದು ಅವಳು ಒಂದು ಸ್ಟಾಪು ಮೊದಲೇ ಇಳಿದಳು, ನಾನೂ ಇಳಿದೆ. ಅಂಗಡಿಯವನು ಕೇಳದೆಯೇ ಒಂದು ಕಿಲೋ ಈರುಳ್ಳಿ ತೂಗಲು ಹೊರಟ. ಇಷ್ಟು ದಿನವೂ ಒಂದೊಂದು ಕಿಲೋ ಒಯ್ದು ಅರ್ಧ ಕೊಳೆಯಿಸಿ ಬಿಸಾಡುತ್ತಿದ್ದೆ ಎಂದು ಅವಳು ದಾರಿಯಲ್ಲಿ ಹೇಳಿದ್ದಳು. ಅವನ ಕೈ ತಡೆದು, “ಅರ್ಧ ಸಾಕು,” ಎಂದಳು. ಚೀಲ ತೆಗೆದುಕೊಂಡು, ರಸ್ತೆ ದಾಟಲು ನನ್ನ ತೋಳು ಹಿಡಿದುಕೊಂಡಳು. ಆಚೆ ಬದಿ ತಲುಪಿದ ಮೇಲೂ ಸ್ವಲ್ಪ ದೂರ ಬಿಡಲಿಲ್ಲ.