ಅಣ್ಣನ ಟವೆಲ್ ನನ್ನ ಹೆಗಲಿಗೆ

ಮೊದಲೇ ಹೇಳಿಬಿಡುತ್ತೇನೆ, ಆ ಮನುಷ್ಯನ ಕೆಲಸ ಹೋಗಿದ್ದು ನನ್ನ ಬಾಯಿಂದ. ಚಾಡಿ ಹೇಳಿಯಲ್ಲ, ಮಿಮಿಕ್ರಿ ಮಾಡಿ. ಕಳೆದ ಶನಿವಾರ ಹೆಗಲ ಮೇಲಿನ ಒದ್ದೆ ಟವೆಲ್ಲಿನಿಂದ, ಚೆಲ್ಲಿದ ಬಿಯರು ನಿಂಬೆಹಣ್ಣು ಸೇರಿದ ಹುಳಿ ವಾಸನೆ ಮೂಗಿಗೆ ಬಡಿದಾಗ ಅದೆಲ್ಲ ಮತ್ತೆ ನೆನಪಾಯಿತು...

ತುಮಕೂರಿನ ಆ ಬಾರು ಮಹಾರಾಜರ ಕಾಲದ್ದು. ಮೂಲೆಯನ್ನು ಹಡಗಿನ ಮೂತಿಯ ಹಾಗೆ ದುಂಡಗೆ ತಿರುಗಿಸಿದ ಕಟ್ಟಡ. ಬಣ್ಣದ ಗಾಜಿನ ಅರ್ಧಬಾಗಿಲು ತಳ್ಳಿದರೆ ಕಪ್ಪು-ಬಿಳಿ ಚೌಕಗಳ ನೆಲ, ಅಮೃತಶಿಲೆಯ ದುಂಡು ಮೇಜು, ತೇಗದ ಕೌಂಟರು, ಅದರ ಹಿಂದೆ ಗೋಡೆಯಗಲದ ಕನ್ನಡಿ. ತುಮಕೂರಿನದೇ ಸದಾಶಿವನಗರದ ನಮ್ಮ ಗ್ಯಾಂಗು ಅಲ್ಲಿಗೆ ಹೋಗುತ್ತಿದ್ದುದು ಕಟ್ಟಡ ನೋಡಲು ಎಂದರೆ ನನ್ನ ಅಮ್ಮನೂ ನಂಬುವುದಿಲ್ಲ.

ಅಲ್ಲಿ ಒಬ್ಬರು ಸಪ್ಲೈಯರ್ ಇದ್ದರು. ಕುಣಿಗಲ್ ಕಡೆಯ ಕೊತ್ತಗೆರೆಯವರು. ವಯಸ್ಸಿಗೆ ತಾತ ಅನ್ನಬೇಕಿತ್ತು, ಆದರೆ ಎಲ್ಲರಿಗೂ ಬರೀ ಅಣ್ಣ. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾ ಕೌಂಟರಿಗೆ ಆರ್ಡರನ್ನು ರಾಗವಾಗಿ ಕೂಗುತ್ತಿದ್ದರು. ಯಾರಿಗಾದರೂ ಸಾಕಾಗಿದೆ ಅನ್ನಿಸಿದರೆ ಮುಂದಿನ ಗ್ಲಾಸು ತರುತ್ತಲೇ ಇರಲಿಲ್ಲ. ಟವೆಲ್ಲಿನಿಂದ ಮೇಜು ಒರೆಸಿ, "ಏಳಪ್ಪ, ಮನೇಲಿ ಮುದ್ದೆ ಆರೋಗ್ತಾ ಐತೆ" ಅನ್ನುತ್ತಿದ್ದರು. ಗಿರಾಕಿ ಗೊಣಗುತ್ತಲೇ ಏಳುತ್ತಿದ್ದ. ಸಿಕ್ಕವರ ಮಿಮಿಕ್ರಿ ಮಾಡುತ್ತಿದ್ದ ನನ್ನನ್ನೂ ಎಬ್ಬಿಸಿದ್ದಾರೆ. "ಏನ್ಲಾ, ಎಲ್ಲಾರ ಥರ ಮಾತಾಡ್ತೀಯ, ಈಗ ನಿನ್ ಥರಾನೇ ಮಾತಾಡಕ್ಕಾಯ್ತಿಲ್ವಲ್ಲೋ. ನಡಿ ಮನೆಗೆ!"

ನಾನು ಬಿಡುತ್ತೇನೆಯೇ? ಅವರ ಕಾಲು, ಕೂಗು, ಮುದ್ದೆ ಎಲ್ಲ ಸೇರಿಸಿ ಒಂದು ರೀಲ್ಸ್ ಮಾಡಿ ಹಾಕಿದೆ. ಗುಬ್ಬಿಯಿಂದ, ಬೆಂಗಳೂರಿನಿಂದ ಜನ ಬಾರು ಹುಡುಕಿಕೊಂಡು ಬಂದರು. ಅಣ್ಣನಿಗೆ ಒಳ್ಳೆಯದು ಮಾಡಿದೆನೆಂದು ಬೀಗಿದೆ. ಅಷ್ಟರಲ್ಲಿ ಓನರ್ ಮಗ ಬಾರನ್ನು ರಿಪೇರಿ ಮಾಡಿಸಲು ಆರ್ಕಿಟೆಕ್ಟ್ ಒಬ್ಬನನ್ನು ಕರೆಸಿದ. ಒಡೆದ ಟೈಲ್ಸನ್ನೂ ಕೀಳಬಾರದು, ಹಳೆಯದು ಒಂದೂ ಹೋಗಬಾರದು ಎಂದ ಆತ. ಹಾಗೆಯೇ ಆಯಿತು. ಕನ್ನಡಿ ಉಳಿಯಿತು. ಕುಂಟುವ ಕುರ್ಚಿಗಳಿಗೂ ಕಾಲು ಕಟ್ಟಿಸಿದರು. ಅಣ್ಣನನ್ನು ಮಾತ್ರ ಮನೆಗೆ ಕಳಿಸಿದರು.

"ಅವ್ರು ಕುಡಿಯೋ ಗಿರಾಕೀನ ಎಬ್ಬಿಸಿ ಕಳಿಸ್ತಾರೆ ಕಣೋ. ಶನಿವಾರ ಭಾನುವಾರ ನೀನೇ ಬಂದು ಅವ್ರ ಥರ ಮಾಡ್ಬಿಡು, ಪೇಮೆಂಟ್ ಕೊಡ್ತೀನಿ" ಎಂದ ಓನರ್ ಮಗ.

ಒಪ್ಪಿಕೊಂಡೆ. ಯಾರ ಮಿಮಿಕ್ರಿಯನ್ನಾದರೂ ಮಾಡಬಲ್ಲವನಿಗೆ ಆ ಹೊತ್ತಿನಲ್ಲಿ ಮಾನವಂತನ ಮಿಮಿಕ್ರಿ ಬರಲಿಲ್ಲ. ಅವರ ಟವೆಲ್ಲನ್ನೇ ಕೊಟ್ಟರು, ಹೆಗಲಿಗೆ ಹಾಕಿಕೊಂಡೆ. ನಾನು "ಮುದ್ದೆ ಆರೋಗ್ತಾ ಐತೆ" ಅಂದರೆ ಯಾರೂ ಏಳುವುದಿಲ್ಲ. ಹೊಟ್ಟೆ ಹಿಡಿದು ನಗುತ್ತಾರೆ, ಇನ್ನೊಂದು ರೌಂಡು ತರಿಸುತ್ತಾರೆ.

ಒಂದು ಶನಿವಾರ ಸಂಜೆ ಅಣ್ಣನೇ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ತಾವು ಒರೆಸುತ್ತಿದ್ದ ಮೇಜಿನ ಮುಂದೆ ಗಿರಾಕಿಯಾಗಿ ಕೂತು ಸೋಡಾ ತರಿಸಿದರು. ಅವರ ಕಣ್ಣೆದುರೇ ಎಡಗಾಲು ಎಳೆದುಕೊಂಡು ಇಡೀ ಆಟ ಆಡಿದೆ. ಎಲ್ಲಿ ನಿಲ್ಲಿಸಬೇಕೋ ಗೊತ್ತಾಗಲಿಲ್ಲ... ಜನ ಚಪ್ಪಾಳೆ ತಟ್ಟಿದರು. ಅಣ್ಣ ಎದ್ದು, ಖಾಲಿ ಗ್ಲಾಸನ್ನು ತಾವೇ ಒಯ್ದು ಕೌಂಟರಿನ ಮೇಲಿಟ್ಟು, ಬಾಗಿಲ ಕಡೆ ನಡೆದರು.

ಈಗ ಅವರಿಲ್ಲ. ಮಣ್ಣಿಗೂ ನಾನು ಹೋಗಲಿಲ್ಲ. ಅವತ್ತೂ ಶನಿವಾರ, ಕೊತ್ತಗೆರೆಯಲ್ಲಿ ಅವರನ್ನು ಹೊತ್ತು ನಡೆಯುವಾಗ ನಾನಿಲ್ಲಿ ಅವರ ಹಾಗೆ ಕುಂಟಲು ತಯಾರಾಗುತ್ತಿದ್ದೆ. ಗಿರಾಕಿಗಳು ಆಗಾಗ ಕೇಳುತ್ತಾರೆ, "ಒರಿಜಿನಲ್ ಯಾವತ್ತಾದ್ರೂ ನಿನ್ನ ನೋಡಿದ್ರಾ ಗುರೂ? ಏನಂದ್ರು?" ನಕ್ಕು ತೇಲಿಸುತ್ತೇನೆ. ಅವರ ಎಲ್ಲ ಮಾತನ್ನೂ ಅವರ ದನಿಯಲ್ಲೇ ಆಡುತ್ತೇನೆ, ಒಂದನ್ನು ಬಿಟ್ಟು. ಅವತ್ತು ಬಾಗಿಲ ಹತ್ತಿರ ಓಡಿಹೋಗಿ, "ಹೆಂಗಿತ್ತಣ್ಣಾ?" ಎಂದು ಹಲ್ಲು ಕಿರಿದಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಚೆನ್ನಾಗ್ ಮಾಡ್ತೀಯ ಕಣ್ಲಾ. ನಾನೂ ಹಿಂಗೇ ಸುಮ್ಕೆ ಆಟ ಆಡಿದ್ದಿದ್ರೆ, ನನ್ನೇ ಮಡಿಕ್ಕಂತಿದ್ರು."